ಗಂಗವಾಡಿಯನ್ನು ರಾಷ್ಟ್ರಕೂಟರು ಬಿಟ್ಟುಕೊಟ್ಟುದೇಕೆ?

ಯಾವ ಅರಸನು ಯಾವ ವರ್ಷ ಯಾವ ದೇಶವನ್ನು ಗೆದ್ದನೆಂಬುದನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡುತ್ತೇವೆ. ಗೆದ್ದ ದೇಶವನ್ನು ಅವನು ಏತಕ್ಕೆ ಬಿಟ್ಟನೆಂದು ಕೇಳುವುದು ಮಾತ್ರ ಅಪರೂಪ. ಗೆಲ್ಲುವುದು ಒಂದು ದಿನದ ಕೆಲಸ. ಗೆದ್ದುದನ್ನು ಕಾಯುವುದು ದಿನದಿನದ ಕೆಲಸ. ಬಲಿಷ್ಠ ರಾಜ್ಯವೊಂದು ಬಹುಕಾಲ ಸೇನೆಯ ಬಲದಿಂದ ಹಿಡಿದಿಟ್ಟುಕೊಂಡಿದ್ದ ನಾಡನ್ನು ತಾನಾಗಿಯೇ ಬಿಟ್ಟುಕೊಡಬೇಕಾದರೆ ಅದಕ್ಕೆ ಬಲವಾದ ಕಾರಣಗಳಿರಬೇಕು. ಅಂಥ ಒಂದು ಪ್ರಸಂಗ ನಮ್ಮ ಕನ್ನಡ ನಾಡಿನ ಚರಿತ್ರೆಯಲ್ಲಿಯೇ ಇದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಗಂಗವಾಡಿಯ ಮೇಲಿನ ತನ್ನ ಮನೆತನದ ಹಿಡಿತವನ್ನು ಸಡಿಲಿಸಿ, ಗಂಗರೊಡನೆ ಬೀಗತನ ಬೆಳೆಸಿದನು. ಏಕೆ ಬೆಳೆಸಿದನು, ಅದರಿಂದ ಏನಾಯಿತು ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಗೋದಾವರಿಯ ದಡದಿಂದ

ವಿದ್ಯಾರ್ಥಿಗಳು ಮೊದಲು ಭೂಪಟವನ್ನು ಬಿಡಿಸಿ ನೋಡಬೇಕು. ಮಹಾರಾಷ್ಟ್ರದ ನಾಸಿಕ ಜಿಲ್ಲೆಯ ತ್ರ್ಯಂಬಕೇಶ್ವರದಲ್ಲಿ ಗೋದಾವರಿ ಹುಟ್ಟುತ್ತದೆ. ಅದು ನಾಸಿಕ ಪಟ್ಟಣವನ್ನು ಹಾಯ್ದು ಮೂಡಣಕ್ಕೆ ಹರಿದು, ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದ ಬಳಿ ಸಾಗಿ ಮುಂದೆ ಹೋಗುತ್ತದೆ. ಹಿಂದೆ ಔರಂಗಾಬಾದೆಂದು ಕರೆಯುತ್ತಿದ್ದ ಈ ಊರಿಗೆ 2023ರಲ್ಲಿ ಸಂಭಾಜಿನಗರವೆಂಬ ಹೆಸರು ಅಧಿಕೃತವಾಯಿತು. ಇಂದು ಈ ಎರಡು ಜಿಲ್ಲೆಗಳೂ ಮರಾಠಿ ನಾಡು. ಆದರೆ ಸಾವಿರದ ಇನ್ನೂರು ವರ್ಷಗಳ ಹಿಂದೆ ಕನ್ನಡದ ದೊಡ್ಡ ರಾಜಮನೆತನವೊಂದು ಬೆಳೆದು ಬಲಗೊಂಡುದು ಈ ನೆಲದ ಮೇಲೆ.

ರಾಷ್ಟ್ರಕೂಟ ದಂತಿದುರ್ಗನ 742ರ ತಾಮ್ರಪಟ ದೊರೆತುದು ಎಲ್ಲೋರದಲ್ಲಿ. ಸುಮಾರು 753ರಲ್ಲಿ ಬಾದಾಮಿಯ ಚಾಲುಕ್ಯರ ಆಳಿಕೆಯನ್ನು ಕೊನೆಗೊಳಿಸಿದವನು ಇದೇ ದಂತಿದುರ್ಗ. ಅವನ ಚಿಕ್ಕಪ್ಪ ಮೊದಲನೆಯ ಕೃಷ್ಣನು ಎಲ್ಲೋರದಲ್ಲಿ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕೊರೆಯಿಸಿ ಕೈಲಾಸನಾಥ ದೇವಾಲಯವನ್ನು ಮಾಡಿಸಿದನು. ಎಲ್ಲೋರ ಸಂಭಾಜಿನಗರಕ್ಕೆ ಸುಮಾರು 30 ಕಿಲೋಮೀಟರು ದೂರದಲ್ಲಿದೆ.

ನಾಸಿಕ ಜಿಲ್ಲೆಯ ಪಾಲೂ ಕಡಿಮೆಯದಲ್ಲ. ದಿಂಡೋರಿ ತಾಲೂಕಿನ ವಣಿ ಎಂಬ ಊರಿನಲ್ಲಿ ಮೂರನೆಯ ಗೋವಿಂದನ ತಾಮ್ರಪಟವೊಂದು ಸಿಕ್ಕಿದೆ. ಶಕ 730ರ ಆ ಶಾಸನವನ್ನು ಅರಸನು ಮಯೂರಖಂಡಿಯಲ್ಲಿದ್ದಾಗ ಕೊಟ್ಟನು. ವಣಿಯ ಉತ್ತರಕ್ಕೆ ಸಪ್ತಶೃಂಗಿ ಬೆಟ್ಟದ ಇದಿರಿಗೆ ನಿಂತಿರುವ ಮಾರ್ಕಿಂಡ ಕೋಟೆಯೇ ಮಯೂರಖಂಡಿಯೆಂದು ಬ್ಯೂಲರ್ ಪಂಡಿತರು ಗುರುತಿಸಿದರು. ಬೀದರ ಜಿಲ್ಲೆಯ ಮೋರಖಂಡಿಯೇ ಅದು ಎನ್ನುವ ವಿದ್ವಾಂಸರೂ ಇದ್ದಾರೆ. ಅದೇನೇ ಇರಲಿ, ಮಾನ್ಯಖೇಟವು ರಾಜಧಾನಿಯಾಗಿ ಹೆಸರು ಪಡೆಯುವ ಮೊದಲು ಈ ಮನೆತನದ ಬಲ ಗೋದಾವರಿಯ ಸೀಮೆಯಲ್ಲಿ ಬೇರುಬಿಟ್ಟಿದ್ದಿತೆಂಬುದು ಸ್ಪಷ್ಟ.

ಕಾವೇರಿಯ ದಡಕ್ಕೆ

ಈಗ ಭೂಪಟದ ಮೇಲೆ ಬೆರಳನ್ನು ತೆಂಕಣಕ್ಕೆ ಸರಿಸೋಣ. ಕೃಷ್ಣೆಯನ್ನು ದಾಟಿ, ತುಂಗಭದ್ರೆಯನ್ನು ದಾಟಿ, ಕಾವೇರಿಯ ದಡದ ತಲಕಾಡಿಗೆ ಬರಬೇಕು. ಇದು ಗಂಗರ ನಾಡು. 'ಗಂಗವಾಡಿ ತೊಂಬತ್ತಾರು ಸಾಸಿರ'ವೆಂದು ಶಾಸನಗಳು ಕರೆಯುವ ಈ ನಾಡನ್ನು ಗಂಗರು ನಾಲ್ಕುನೂರು ವರ್ಷಗಳಿಂದ ಆಳುತ್ತಿದ್ದರು. ಮಾರ್ಕಿಂಡದಿಂದ ತಲಕಾಡಿಗೆ ಹಕ್ಕಿ ಹಾರುವ ದಾರಿಯಲ್ಲಿಯೇ 900 ಕಿಲೋಮೀಟರಿಗೆ ಮಿಕ್ಕಿದ ದೂರ. ಆನೆ, ಕುದುರೆ, ಎತ್ತಿನ ಬಂಡಿಗಳೊಡನೆ ನಡೆಯುವ ದಂಡಿಗೆ ಅದು ಇನ್ನೂ ಎಷ್ಟೋ ಹೆಚ್ಚು.

ಕೃಷ್ಣನ ದಂಡು ಈ ದೂರವನ್ನು ನಡೆದಿತು. 768ರ ತಳೇಗಾಂವ ತಾಮ್ರಪಟವನ್ನು ಕೊಡುವಾಗ ಅವನು ಗಂಗರ ಮನ್ನೆಯಲ್ಲಿ ಬೀಡುಬಿಟ್ಟಿದ್ದನು. ಮನ್ನೆ ಇಂದಿನ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಮಂಗಲ ತಾಲೂಕಿನಲ್ಲಿದೆ. ಆಗ ಗಂಗರ ಅರಸನಾಗಿದ್ದವನು ಶ್ರೀಪುರುಷ. ರಾಷ್ಟ್ರಕೂಟರ ಮೇಲುಗೈ ಗಂಗವಾಡಿಯ ಮೇಲೆ ಬಿದ್ದುದು ಹೀಗೆ.

ಕೃಷ್ಣನ ಮಕ್ಕಳಾದ ಇಮ್ಮಡಿ ಗೋವಿಂದನಿಗೂ ಧ್ರುವನಿಗೂ ಸಿಂಹಾಸನಕ್ಕಾಗಿ ಜಗಳವಾಯಿತು. ಶ್ರೀಪುರುಷನ ಮಗ ಇಮ್ಮಡಿ ಶಿವಮಾರನು ಗೋವಿಂದನ ಪಕ್ಷ ಹಿಡಿದನು. ಗೆದ್ದವನು ಧ್ರುವ. ಅವನು ಗಂಗವಾಡಿಯ ಮೇಲೆ ನುಗ್ಗಿ ಶಿವಮಾರನನ್ನು ಸೆರೆಹಿಡಿದು, ತನ್ನ ಮಗ ಸ್ತಂಭನನ್ನು, ಅಂದರೆ ಕಂಬರಸನನ್ನು, ಅಲ್ಲಿಯ ಅಧಿಕಾರಿಯನ್ನಾಗಿ ನೇಮಿಸಿದನು. ಅರಸನು ಸೆರೆಯಲ್ಲಿ, ಗೆದ್ದವನ ಮಗ ಅಧಿಕಾರದಲ್ಲಿ, ಅವನ ಬೆನ್ನಿಗೆ ದಂಡು: ಸೇನೆಯ ಬಲದಿಂದ ಪರನಾಡನ್ನು ಹಿಡಿದಿಡುವುದೆಂದರೆ ಇದೇ ಅಲ್ಲವೆ?

793ರಲ್ಲಿ ಧ್ರುವನ ತರುವಾಯ ಮೂರನೆಯ ಗೋವಿಂದನು ಪಟ್ಟಕ್ಕೆ ಬಂದಾಗ ಅಣ್ಣನಾದ ಸ್ತಂಭನು ಹಲವು ಅರಸರನ್ನು ಕೂಡಿಕೊಂಡು ತಿರುಗಿಬಿದ್ದನು. ಗೋವಿಂದನು ಶಿವಮಾರನನ್ನು ಸೆರೆಯಿಂದ ಬಿಡಿಸಿ ಕಳುಹಿದನು. ಶಿವಮಾರನು ಊರು ಸೇರಿದೊಡನೆ ಎದುರಾಳಿಗಳ ಪಕ್ಷವನ್ನು ಸೇರಿಕೊಂಡನು. ಗೋವಿಂದನು ಎಲ್ಲರನ್ನೂ ಸೋಲಿಸಿ, ಅಣ್ಣನನ್ನು ಕ್ಷಮಿಸಿ ಮತ್ತೆ ಗಂಗವಾಡಿಯ ಅಧಿಕಾರದಲ್ಲಿ ಇರಿಸಿದನು. ಶಿವಮಾರನನ್ನು ಮತ್ತೆ ಸೆರೆಗೆ ತಳ್ಳಿದನು. 802ರ ಮನ್ನೆಯ ತಾಮ್ರಪಟ ಸ್ತಂಭನದು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಗೋವಿಂದನು ಸಾಮಾನ್ಯನಲ್ಲ. ಉತ್ತರದಲ್ಲಿ ಕನೌಜಿನ ಚಕ್ರಾಯುಧನೂ ಬಂಗಾಳದ ಧರ್ಮಪಾಲನೂ ಅವನಿಗೆ ತಲೆಬಾಗಿದರು. ಅಂಥವನಿಗೂ ಗಂಗವಾಡಿಯನ್ನು ಒಮ್ಮೆ ಗೆದ್ದು ನಿಶ್ಚಿಂತನಾಗಿ ಕುಳಿತುಕೊಳ್ಳುವುದು ಸಾಧ್ಯವಾಗಲಿಲ್ಲ. ಗೆದ್ದುದನ್ನೇ ಮತ್ತೆ ಗೆಲ್ಲಬೇಕಾಯಿತು.

ಆರದ ಕಿಡಿ

ಸುಮಾರು 816ರಲ್ಲಿ ಶಿವಮಾರನ ತಮ್ಮನ ಮಗ ಮೊದಲನೆಯ ರಾಚಮಲ್ಲನು ಗಂಗರ ನಾಯಕತ್ವವನ್ನು ವಹಿಸಿದನು. ರಾಷ್ಟ್ರಕೂಟರ ವಶವಾಗಿದ್ದ ನೆಲವನ್ನು ಅವನು ತುಂಡುತುಂಡಾಗಿ ಮರಳಿ ಪಡೆಯತೊಡಗಿದನು. ಬಹುಕಾಲದಿಂದ ರಾಷ್ಟ್ರಕೂಟರ ಕೈಯಲ್ಲಿದ್ದ ನಾಡನ್ನು ಅವನು ಬಿಡಿಸಿಕೊಂಡುದನ್ನು ಗಂಗರ ಶಾಸನಕಾರರು ವಿಷ್ಣುವು ವರಾಹನಾಗಿ ಪಾತಾಳದಿಂದ ಭೂಮಿಯನ್ನೆತ್ತಿದುದಕ್ಕೆ ಹೋಲಿಸಿದ್ದಾರೆ. ಶಾಸನದ ಮಾತಿನಲ್ಲಿ ಹೊಗಳಿಕೆ ಇದ್ದೇ ಇರುತ್ತದೆ. ಆದರೂ ಈ ಹೋಲಿಕೆ ನಮಗೆ ಬಹಳ ಮುಖ್ಯವಾದುದು. ಮಾನ್ಯಖೇಟದ ಕಣ್ಣಿಗೆ ಗಂಗವಾಡಿ ಗೆದ್ದ ಒಂದು ಪ್ರಾಂತ. ಗಂಗರ ಕಣ್ಣಿಗೆ ಅದು ಪಾತಾಳಕ್ಕೆ ಬಿದ್ದ ತಾಯ್ನೆಲ. ಒಂದೇ ನೆಲವನ್ನು ಇಬ್ಬರು ಇಷ್ಟು ಬೇರೆಯಾಗಿ ನೋಡುವಾಗ ಅಲ್ಲಿ ಶಾಂತಿ ನೆಲಸುವುದು ಹೇಗೆ?

ರಾಚಮಲ್ಲನ ಮಗ ನೀತಿಮಾರ್ಗ ಎರೆಗಂಗನೂ ತಂದೆಯ ಹಾದಿಯನ್ನೇ ಹಿಡಿದನು. ರಾಜಾರಾಮಡು ಎಂಬಲ್ಲಿ ಅವನು ರಾಷ್ಟ್ರಕೂಟ ಸೇನೆಯನ್ನು ಸೋಲಿಸಿದನೆಂದು ಗಂಗರ ಶಾಸನಗಳು ಹೇಳುತ್ತವೆ.

ನೃಪತುಂಗನ ನಾಲ್ಕು ಬಾಗಿಲು

ಇತ್ತ ರಾಷ್ಟ್ರಕೂಟರ ಮನೆಯ ಸ್ಥಿತಿಯನ್ನು ನೋಡೋಣ. 814ರಲ್ಲಿ ಗೋವಿಂದನು ತೀರಿಕೊಂಡಾಗ ಮಗ ಅಮೋಘವರ್ಷನಿಗೆ ಇನ್ನೂ ಹದಿನಾಲ್ಕರ ಆಸುಪಾಸು. ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರ ವಯಸ್ಸೇ ಅದು. ಗುಜರಾತಿನ ಶಾಖೆಯ ಕರ್ಕನು ಬಾಲಕನ ರಕ್ಷಕನಾಗಿ ನಿಂತನು. ಆದರೂ ಕೆಲವೇ ವರ್ಷಗಳಲ್ಲಿ ಸಾಮಂತರು ದಂಗೆಯೆದ್ದರು. ಹುಡುಗನು ಸಿಂಹಾಸನವನ್ನೇ ಕಳೆದುಕೊಳ್ಳುವಂತಾಯಿತು. 821ರ ಹೊತ್ತಿಗೆ ಕರ್ಕನ ನೆರವಿನಿಂದ ಅವನು ಮತ್ತೆ ನೆಲೆಗೊಂಡನು.

ಮುಂದೆಯೂ ನೆಮ್ಮದಿ ಇರಲಿಲ್ಲ. ಮೂಡಣ ಬಾಗಿಲಲ್ಲಿ ವೆಂಗಿಯ ಚಾಲುಕ್ಯರು. ಅವರ ಇಮ್ಮಡಿ ವಿಜಯಾದಿತ್ಯನು ರಾಷ್ಟ್ರಕೂಟ ಮತ್ತು ಗಂಗ ಸೇನೆಗಳೊಡನೆ ಹನ್ನೆರಡು ವರ್ಷಗಳಲ್ಲಿ ನೂರೆಂಟು ಕಾಳಗಗಳನ್ನು ಮಾಡಿದನೆಂದು ಅವರ ಶಾಸನಗಳು ಹೇಳಿಕೊಳ್ಳುತ್ತವೆ. ಪಡುವಣ ಬಾಗಿಲಲ್ಲಿ ದಾಯಾದಿಗಳು: ರಕ್ಷಕನಾಗಿದ್ದ ಕರ್ಕನ ಮಗನೊಡನೆಯೇ ವೈರ ಬೆಳೆದು ಗುಜರಾತಿನಲ್ಲಿ ಬಹುಕಾಲ ಯುದ್ಧ ನಡೆಯಿತು. ಬಡಗಣ ಬಾಗಿಲಲ್ಲಿ ಗುರ್ಜರ ಪ್ರತೀಹಾರರ ಮಿಹಿರಭೋಜ. ಸುಮಾರು 836ರಲ್ಲಿ ಪಟ್ಟವೇರಿದ ಈ ಭೋಜನು ಕನೌಜನ್ನು ಕೇಂದ್ರವಾಗಿಟ್ಟುಕೊಂಡು ದಿನೇ ದಿನೇ ಬಲಿಯುತ್ತಿದ್ದನು. ತೆಂಕಣ ಬಾಗಿಲು ಗಂಗವಾಡಿ. ನಾಲ್ಕು ಬಾಗಿಲುಗಳೂ ತೆರೆದುಕೊಂಡಿದ್ದ ಮನೆಗೆ ಕಾವಲಿನವರು ಎಷ್ಟಿದ್ದರೂ ಸಾಲದು.

ಅಮೋಘವರ್ಷನು ತೆಂಕಣಕ್ಕೆ ತನ್ನ ನೆಚ್ಚಿನ ದಂಡನಾಯಕ ಬಂಕೆಯನನ್ನು ಕಳುಹಿದನು. ಆ ದಂಡಯಾತ್ರೆಯ ಕಥೆ ಇಂದಿನ ಗದಗ ಜಿಲ್ಲೆಯ ಕೊಣ್ಣೂರಿನ ಶಾಸನದಲ್ಲಿದೆ. 860ರ ದಾನವೊಂದನ್ನು ಹೇಳುವ ಈ ಶಾಸನವನ್ನು ಮುಂದಿನ ಕಾಲದಲ್ಲಿ ಕಲ್ಲಿನ ಮೇಲೆ ಮತ್ತೆ ಬರೆಯಿಸಿದ್ದಾರೆ. ಬಂಕೆಯನು ಈಗಿನ ತುಮಕೂರಿನ ಬಳಿಯ ಕೈದಾಳವೆಂದು ಗುರುತಿಸಲಾದ ಕೋಟೆಯನ್ನು ಹಿಡಿದು, ಕಾವೇರಿಯನ್ನು ದಾಟಿ, ತಲಕಾಡಿನ ಅರಸನನ್ನು ಓಡಿಸಿದನು. ಗಂಗವಾಡಿ ಇನ್ನೇನು ಕೈಗೆ ಬಂದಿತೆನ್ನುವಷ್ಟರಲ್ಲಿ ಒಡೆಯನಿಂದ ಕರೆ ಬಂದಿತು. ಮನೆಯಲ್ಲಿಯೇ ಒಳಜಗಳ ಎದ್ದಿದ್ದಿತು. ಯುವರಾಜನೇ ಅದರಲ್ಲಿ ಸೇರಿದ್ದನು. ಬಂಕೆಯನು ಗೆದ್ದುದನ್ನು ಹಾಗೆಯೇ ಬಿಟ್ಟು ಹಿಂದಿರುಗಿ, ಒಡೆಯನ ಸಿಂಹಾಸನವನ್ನು ಉಳಿಸಿದನು. ಅತ್ತ ದಂಡು ಬೆನ್ನು ತಿರುಗಿಸಿದೊಡನೆ ಗಂಗವಾಡಿ ಮತ್ತೆ ಗಂಗರದಾಯಿತು.

ಕೊನೆಗೆ ಅಮೋಘವರ್ಷನು ಬೇರೊಂದು ದಾರಿಯನ್ನು ಹಿಡಿದನು. ತನ್ನ ಮಗಳು ಚಂದ್ರೊಬಲಬ್ಬೆಯನ್ನು ನೀತಿಮಾರ್ಗನ ಮಗ ಬೂತುಗನಿಗೆ ಕೊಟ್ಟು ಮದುವೆ ಮಾಡಿದನು. ಗಂಗರ ಸಿಂಹಾಸನ ಗಂಗರಿಗೇ ಉಳಿಯಿತು. 768ರಲ್ಲಿ ಮನ್ನೆಯ ಬೀಡಿನಿಂದ ಮೊದಲಾದ ಸುಮಾರು ಒಂದು ಶತಮಾನದ ಕಾದಾಟ ಹೀಗೆ ಮುಗಿಯಿತು. ಬೂತುಗನ ಮಗ ಎರೆಗಂಗನು ಮುಂದೆ ಗಂಗರ ಅರಸನಾದನು.

ಬಿಟ್ಟುಕೊಡಲು ಕಾರಣಗಳು

ಇಷ್ಟು ಕಥೆಯನ್ನು ತಿಳಿದ ಮೇಲೆ ಕಾರಣಗಳನ್ನು ಒಂದೊಂದಾಗಿ ಎಣಿಸಬಹುದು.

ಒಂದನೆಯದು, ದೂರ. ಮಾನ್ಯಖೇಟವೆಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅಲ್ಲಿಂದ ತಲಕಾಡಿಗೆ ನೇರ ಗೆರೆಯಲ್ಲಿಯೇ 500 ಕಿಲೋಮೀಟರಿಗೂ ಹೆಚ್ಚು. ನಡುವೆ ಎರಡು ದೊಡ್ಡ ಹೊಳೆಗಳು. ಮಳೆಗಾಲದಲ್ಲಿ ಹೊಳೆ ತುಂಬಿದರೆ ದಂಡು ಆಚೆಯೇ ಉಳಿಯಬೇಕು. ಗೋವಿಂದನಂಥವನೂ ತನ್ನ ದಂಡಯಾತ್ರೆಯ ನಡುವೆ ಮಳೆಗಾಲವನ್ನು ಶ್ರೀಭವನವೆಂಬಲ್ಲಿ ತಂಗಿ ಕಳೆಯಬೇಕಾಯಿತು. ದೂರದ ನಾಡಿನಲ್ಲಿ ದಂಗೆಯೆದ್ದ ಸುದ್ದಿ ಬಂದು, ದಂಡು ಹೊರಟು, ಅಲ್ಲಿಗೆ ಮುಟ್ಟುವಷ್ಟರಲ್ಲಿ ಎಷ್ಟು ದಿನಗಳಾಗಬಹುದೆಂದು ನೀವೇ ಲೆಕ್ಕ ಹಾಕಿರಿ.

ಎರಡನೆಯದು, ವೈರಿಗಳ ಸಂಖ್ಯೆ. ಒಂದೇ ದಂಡು ನಾಲ್ಕು ಕಡೆ ಇರಲಾರದು. ಗಂಗರಿಂದ ಮಾನ್ಯಖೇಟಕ್ಕೆ ಅಪಾಯವಿರಲಿಲ್ಲ. ಅವರು ಕೇಳುತ್ತಿದ್ದುದು ತಮ್ಮ ನಾಡನ್ನು ಮಾತ್ರ. ಆದರೆ ಮಿಹಿರಭೋಜನು ನರ್ಮದೆಯನ್ನು ದಾಟಿದರೆ ಅಪಾಯ ಎದೆಗೇ ತಾಗುತ್ತಿದ್ದಿತು. ಸಣ್ಣ ವೈರವನ್ನು ತೀರಿಸಿಕೊಂಡು ದೊಡ್ಡ ವೈರಕ್ಕೆ ಸಿದ್ಧನಾಗುವುದು ಜಾಣತನ. ಅಮೋಘವರ್ಷನು ಗಂಗರೊಡನೆ ಮಾತ್ರವಲ್ಲ, ಸುಮಾರು 860ರ ಹೊತ್ತಿಗೆ ಗುಜರಾತಿನ ದಾಯಾದಿಗಳೊಡನೆಯೂ ರಾಜಿ ಮಾಡಿಕೊಂಡನು. ಎರಡು ಬಾಗಿಲುಗಳು ಹೀಗೆ ಮುಚ್ಚಿದವು. 867ರ ಬಗುಮ್ರಾ ತಾಮ್ರಪಟದಲ್ಲಿ ಗುಜರಾತಿನ ಇಮ್ಮಡಿ ಧ್ರುವನು ಗುರ್ಜರರ ಸೇನೆಯನ್ನು ಹಿಮ್ಮೆಟ್ಟಿಸಿದ ಮಾತು ಬರುತ್ತದೆ. ನಿನ್ನೆಯ ವೈರಿ ಇಂದಿನ ಗಡಿಕಾವಲಿನವನಾಗಿದ್ದನು.

ಮೂರನೆಯದು, ಹೊರಗಿನ ದಂಡು ಒಳಗಿನ ದೌರ್ಬಲ್ಯ. ಬಂಕೆಯನು ಕಾವೇರಿಯ ಆಚೆ ಇದ್ದಾಗಲೇ ಮನೆಯಲ್ಲಿ ದಂಗೆ ಎದ್ದುದು ಆಕಸ್ಮಿಕವೆನ್ನಲಾಗದು. ಒಳ್ಳೆಯ ದಂಡನಾಯಕನೂ ಒಳ್ಳೆಯ ದಂಡೂ ದೂರ ಹೋದಾಗಲೇ ಅತೃಪ್ತರಿಗೆ ಧೈರ್ಯ ಬರುವುದು. ಹದಿಹರೆಯದಲ್ಲಿಯೇ ಸಿಂಹಾಸನವನ್ನು ಕಳೆದುಕೊಂಡು ಪಡೆದ ಅಮೋಘವರ್ಷನಿಗೆ ಈ ಪಾಠವನ್ನು ಎರಡನೆಯ ಸಲ ಯಾರೂ ಹೇಳಬೇಕಾಗಿರಲಿಲ್ಲ.

ನಾಲ್ಕನೆಯದು, ನಾಡಿನ ಜನರ ಮನಸ್ಸು. ಗಂಗರದು ನಿನ್ನೆ ಮೊನ್ನೆಯ ಮನೆತನವಲ್ಲ. ಅರಸನನ್ನು ಸೆರೆಯಲ್ಲಿಟ್ಟರೆ ಅವನ ತಮ್ಮನ ಮಗನು ಎದ್ದನು; ಅವನ ತರುವಾಯ ಅವನ ಮಗನು ಎದ್ದನು. ಊರೂರಿನ ಗಾವುಂಡರು ಹಳೆಯ ಮನೆತನಕ್ಕೆ ಒಲಿದಿರುವಾಗ ಹೊರಗಿನ ಅಧಿಕಾರಿಯ ಆಜ್ಞೆ ದಂಡು ಇರುವಷ್ಟು ದೂರ ನಡೆಯುತ್ತದೆ. ದಂಡು ಎದ್ದರೆ ಆಜ್ಞೆಯೂ ಎದ್ದುಹೋಗುತ್ತದೆ.

ಐದನೆಯದು ಎಲ್ಲಕ್ಕಿಂತ ಮುಖ್ಯವಾದುದು. ರಾಷ್ಟ್ರಕೂಟರಿಗೆ ಗಂಗವಾಡಿಯಿಂದ ನಿಜವಾಗಿ ಬೇಕಾಗಿದ್ದುದೇನು? ತೆಂಕಣ ದಿಕ್ಕು ಭದ್ರವಾಗಿರಬೇಕು. ಅಲ್ಲಿಂದ ವೈರಿ ಬರಬಾರದು. ಬೇಕಾದಾಗ ಅಲ್ಲಿಯ ವೀರರು ನೆರವಿಗೆ ಬರಬೇಕು. ಇವೆಲ್ಲವನ್ನೂ ಒಬ್ಬ ಗೆಳೆಯನು ಕೊಡಬಲ್ಲನು. ಸೆರೆಯಾಳು ಇವುಗಳಲ್ಲಿ ಒಂದನ್ನೂ ಕೊಡಲಾರನು. ಅಮೋಘವರ್ಷನು ಬಿಟ್ಟುದು ನೆಲದ ಮೇಲಿನ ಹಿಡಿತವನ್ನು; ಪಡೆಯಲು ಬಯಸಿದುದು ಆ ನೆಲದ ಬಲವನ್ನು.

ಇದು ಸೋಲಲ್ಲವೆ?

ಇಲ್ಲಿ ನಿಮ್ಮಲ್ಲಿ ಯಾರಾದರೂ ಎದ್ದು ನಿಂತು, 'ಇದೆಲ್ಲ ಸೋಲಿಗೆ ಹೊದಿಸಿದ ಶಾಲು. ಗೆಲ್ಲಲಾಗಲಿಲ್ಲ, ಬಿಟ್ಟನು' ಎಂದು ವಾದಿಸಬಹುದು. ಆ ವಾದದಲ್ಲಿ ಹುರುಳಿದೆ. ರಾಷ್ಟ್ರಕೂಟರ ಸೇನೆ ಗಂಗವಾಡಿಯಲ್ಲಿ ಸೋತುದೂ ಉಂಟು. ಗಂಗರು ಎದುರಿಸದೆ ಇದ್ದಿದ್ದರೆ ಅಮೋಘವರ್ಷನು ಬಿಟ್ಟುಕೊಡುತ್ತಿದ್ದನೆಂದು ನಾವು ಹೇಳಲಾರೆವು. ಆದುದರಿಂದ ಈ ಶಾಂತಿಯ ಕೀರ್ತಿಯಲ್ಲಿ ರಾಚಮಲ್ಲ, ನೀತಿಮಾರ್ಗರಿಗೂ ಪಾಲುಂಟು. ಇದನ್ನು ಚಕ್ರವರ್ತಿಯ ದಯೆ ಎಂದಷ್ಟೇ ಬರೆದರೆ ಗಂಗರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಆದರೆ ಸೋತು ಓಡುವುದು ಬೇರೆ, ಲೆಕ್ಕ ಹಾಕಿ ಹಿಂದಿರುಗುವುದು ಬೇರೆ. ಸೋತು ಓಡಿದವನ ಹಿಂದೆ ವೈರ ಉಳಿಯುತ್ತದೆ. ಅಮೋಘವರ್ಷನು ಹಿಂದಿರುಗುವಾಗ ಉಳಿಸಿ ಹೋದುದು ನೆಂಟತನವನ್ನು. 851ರಲ್ಲಿ ಬರೆಯಲಾದ ಅರಬ್ ವರ್ತಕರ ವೃತ್ತಾಂತವೊಂದು ಬಗದಾದಿನ ಖಲೀಫ, ಚೀನದ ಸಾಮ್ರಾಟ, ರೂಮಿನ ದೊರೆ ಇವರ ಸಾಲಿನಲ್ಲಿ 'ಬಲ್ಹರಾ'ನನ್ನು, ಅಂದರೆ ರಾಷ್ಟ್ರಕೂಟ ವಲ್ಲಭರಾಜನನ್ನು, ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದೆ. ಗಂಗವಾಡಿ ಕೈಜಾರುತ್ತಿದ್ದ ಕಾಲದಲ್ಲಿಯೇ ಅವನ ಹೆಸರು ಹೊರದೇಶಗಳಲ್ಲಿ ಹೀಗೆ ಮೆರೆಯುತ್ತಿದ್ದಿತು.

ಬಿಟ್ಟುದರ ಫಲ

ಯಾವ ನೀತಿಯ ಬೆಲೆಯೂ ಅದರ ಫಲದಿಂದ ತಿಳಿಯಬೇಕು. ಅಮೋಘವರ್ಷನು 878ರ ಸುಮಾರಿಗೆ ಆಳಿಕೆಯನ್ನು ಮುಗಿಸಿದನು. ಅವನು ನೆಟ್ಟ ಬಳ್ಳಿ ಮುಂದಿನ ನೂರು ವರ್ಷ ಹಬ್ಬಿತು. ಮುಂದೆ ರಾಷ್ಟ್ರಕೂಟರ ಇನ್ನೊಬ್ಬ ರಾಜಕುಮಾರಿ ರೇವಕನಿಮ್ಮಡಿ ಗಂಗರ ಇಮ್ಮಡಿ ಬೂತುಗನ ಕೈಹಿಡಿದಳು. ಈ ನೆಂಟತನ ಕಲೆಯಿಲ್ಲದ್ದೆಂದು ನಾವು ಹೇಳುವುದಿಲ್ಲ: ಅವಳ ತಮ್ಮ ಮೂರನೆಯ ಕೃಷ್ಣನು ಆಗಿನ ಗಂಗ ಅರಸ ರಾಚಮಲ್ಲನನ್ನು ತೊಲಗಿಸಿ ಭಾವನಾದ ಬೂತುಗನನ್ನು ಪಟ್ಟಕ್ಕೆ ತಂದನು. ಆದರೂ ಸಿಂಹಾಸನದ ಮೇಲೆ ಗಂಗನೇ ಕುಳಿತನು. ರಾಷ್ಟ್ರಕೂಟರ ಅಧಿಕಾರಿ ಮತ್ತೆ ಬರಲಿಲ್ಲ.

949ರಲ್ಲಿ ತಕ್ಕೋಲದ ಬಯಲಿನಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ಘೋರ ಯುದ್ಧವಾಯಿತು. ಚೋಳರ ಯುವರಾಜ ರಾಜಾದಿತ್ಯನನ್ನು ಕೊಂದು ಗೆಲುವನ್ನು ತಂದವನು ಗಂಗ ಬೂತುಗ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದಲ್ಲಿ ಈ ಸಂಗತಿ ಬರುತ್ತದೆ. ಕೃಷ್ಣನು ಮೆಚ್ಚಿ ಬನವಾಸಿ ಪನ್ನಿರ್ಛಾಸಿರವನ್ನೂ ಬೆಳ್ವೊಲ ಮುನ್ನೂರು ಮೊದಲಾದ ನಾಡುಗಳನ್ನೂ ಬೂತುಗನಿಗೆ ಕೊಟ್ಟನು. ಬೂತುಗನ ಕೈಕೆಳಗಿನ ಮಣಲೆರನು ತನ್ನ ಶೌರ್ಯಕ್ಕೆ ಬಹುಮಾನವಾಗಿ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ ಕಥೆಯೂ ಅದೇ ಕಲ್ಲಿನಲ್ಲಿದೆ. ಕಾಡುಹಂದಿಯೊಡನೆ ಹೋರಾಡಿ ಸತ್ತ ಆ ನಾಯಿಯ ನೆನಪಿಗೆ ನಿಲ್ಲಿಸಿದ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಒಂದು ಕಾಲದಲ್ಲಿ ರಾಷ್ಟ್ರಕೂಟರು ದಂಡನ್ನು ಕಳುಹಿ ತಡೆಯಬೇಕಾಗಿದ್ದ ಗಂಗರೇ ಈಗ ಅವರ ಬಲಗೈ.

ನಿಜವಾದ ಪರೀಕ್ಷೆ ಬಂದುದು ಕಷ್ಟಕಾಲದಲ್ಲಿ. 972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಮಾಡಿದನು. ಮರುವರ್ಷ ಚಾಲುಕ್ಯ ತೈಲಪನು ಇಮ್ಮಡಿ ಕರ್ಕನನ್ನು ಸೋಲಿಸಿ ಅಧಿಕಾರವನ್ನು ಕಸಿದುಕೊಂಡನು. ಬಾಗಿಲುಗಳೆಲ್ಲ ಮುರಿದು ಬಿದ್ದ ಆ ಹೊತ್ತಿನಲ್ಲಿ ರಾಷ್ಟ್ರಕೂಟರ ಪರವಾಗಿ ಕೊನೆಯವರೆಗೆ ನಿಂತವನು ಗಂಗ ಇಮ್ಮಡಿ ಮಾರಸಿಂಹ. ಮೂರನೆಯ ಕೃಷ್ಣನ ಮೊಮ್ಮಗನಾದ ನಾಲ್ಕನೆಯ ಇಂದ್ರನಿಗೆ ಪಟ್ಟ ಕಟ್ಟಿ ಮನೆತನವನ್ನು ಉಳಿಸಲು ಅವನು ಹೆಣಗಿದನು. ಆ ಇಂದ್ರನು ಮಾರಸಿಂಹನ ಸೋದರಿಯ ಮಗ. ಪ್ರಯತ್ನ ಕೈಗೂಡಲಿಲ್ಲ. ಮಾರಸಿಂಹನು ಸುಮಾರು 974ರಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತವನ್ನು ಹಿಡಿದು ದೇಹವನ್ನು ಬಿಟ್ಟನು. ಇಂದ್ರನು 982ರಲ್ಲಿ ಗಂಗರ ಸೀಮೆಯ ಶ್ರವಣಬೆಳಗೊಳದಲ್ಲಿ ಅದೇ ವ್ರತದಿಂದ ತೀರಿಕೊಂಡನು.

ಮಾರಸಿಂಹನು ದೇಹ ಬಿಟ್ಟ ಊರು ಯಾವುದು ಗೊತ್ತೆ? ಇಂದಿನ ಹಾವೇರಿ ಜಿಲ್ಲೆಯ ಬಂಕಾಪುರ. ಗಂಗವಾಡಿಯನ್ನು ಮುರಿಯಲು ಹೋಗಿದ್ದ ಅದೇ ಬಂಕೆಯನ ಹೆಸರಿನ ಊರು. ಒಂದು ಶತಮಾನದ ಹಿಂದೆ ಬಂಕೆಯನು ಗಂಗರ ಅರಸನನ್ನು ತಲಕಾಡಿನಿಂದ ಓಡಿಸಿದ್ದನು. ಈಗ ಬಂಕೆಯನ ಒಡೆಯರ ಮನೆತನಕ್ಕಾಗಿ ಹೋರಾಡಿದ ಗಂಗ ಅರಸನು ಬಂಕೆಯನ ಊರಿನಲ್ಲಿ ಕಣ್ಣುಮುಚ್ಚಿದನು. ಸೇನೆ ಗಳಿಸಲಾರದುದನ್ನು ಸೇನೆಯನ್ನು ಹಿಂದೆಗೆದುಕೊಂಡದ್ದು ಗಳಿಸಿತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಅದೇ ನೆಲದಲ್ಲಿ ಇನ್ನೊಂದು ಪಾಠ

ಮತ್ತೆ ಗೋದಾವರಿಯ ಸೀಮೆಗೆ ಬರೋಣ. ಎಲ್ಲೋರದಿಂದ ಸುಮಾರು ಐದು ಕಿಲೋಮೀಟರು ದೂರದ ಖುಲ್ದಾಬಾದಿನಲ್ಲಿ ಮೊಗಲ ಬಾದಶಹ ಔರಂಗಜೇಬನ ಸಮಾಧಿ ಇದೆ. ಅವನು 1682ರಲ್ಲಿ ಔರಂಗಾಬಾದಿಗೆ ಬಂದು ದಕ್ಷಿಣವನ್ನು ಪೂರ್ಣವಾಗಿ ಹಿಡಿಯಲು ತೊಡಗಿದನು. ಅದೇ ವರ್ಷ ನಾಸಿಕದ ಹತ್ತಿರದ ರಾಮಸೇಜ ಕೋಟೆಗೆ ಅವನ ಸೇನೆ ಮುತ್ತಿಗೆ ಹಾಕಿತು; ಆ ಸಣ್ಣ ಕೋಟೆ ವರ್ಷಗಟ್ಟಲೆ ಕೈಗೆ ಬರಲಿಲ್ಲ. ಬಿಜಾಪುರ 1686ರಲ್ಲಿ, ಗೋಲ್ಕೊಂಡ 1687ರಲ್ಲಿ ಬಿದ್ದವು. 1689ರಲ್ಲಿ ಮರಾಠರ ಛತ್ರಪತಿ ಸಂಭಾಜಿಯನ್ನು ಕೊಲ್ಲಿಸಿ, ಅವನ ಎಳೆಯ ಮಗ ಶಾಹುವನ್ನು ಸೆರೆಯಲ್ಲಿಟ್ಟನು. ಆದರೂ ಯುದ್ಧ ಮುಗಿಯಲಿಲ್ಲ. ಜಿಂಜಿಯ ಕೋಟೆಯೊಂದೇ ಸುಮಾರು ಎಂಟು ವರ್ಷಗಳನ್ನು ತಿಂದಿತು. ಬಾದಶಹನು ಮತ್ತೆ ದೆಹಲಿಯನ್ನು ಕಾಣದೆ 1707ರಲ್ಲಿ ಅಹಮದನಗರದಲ್ಲಿ (ಇಂದಿನ ಅಹಿಲ್ಯಾನಗರ) ತೀರಿಕೊಂಡನು.

ಅನಂತರ ಅವನ ಮಗ ಆಜಮ್ ಶಹನು ಸಿಂಹಾಸನಕ್ಕಾಗಿ ಉತ್ತರಕ್ಕೆ ಧಾವಿಸುವಾಗ ಶಾಹುವನ್ನು ಬಿಡುಗಡೆ ಮಾಡಿದನು. ಮರಾಠರಲ್ಲಿ ಒಡಕು ಹುಟ್ಟಲಿ ಎಂಬುದು ಅವನ ಉದ್ದೇಶ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. 1724ರ ಹೊತ್ತಿಗೆ ಔರಂಗಾಬಾದಿನಲ್ಲಿಯೇ ನಿಜಾಮನು ಹೆಸರಿಗೆ ಮಾತ್ರ ದೆಹಲಿಗೆ ಅಧೀನನಾಗಿ ಸ್ವತಂತ್ರನಾದನು. ಕಾಲು ಶತಮಾನ ಬಿಡದೆ ಹಿಡಿದವನ ಮನೆತನಕ್ಕೆ ಹಿಡಿದುದೂ ಉಳಿಯಲಿಲ್ಲ, ಗೆಳೆಯರೂ ಉಳಿಯಲಿಲ್ಲ.

ಲೋಕದ ಬೇರೆ ಕಡೆ

ಇಂಥ ಲೆಕ್ಕವನ್ನು ಬೇರೆ ದೇಶಗಳವರೂ ಹಾಕಿದ್ದಾರೆ. ರೋಮಿನ ಚಕ್ರವರ್ತಿ ಟ್ರಾಜನನು ಮೆಸೊಪೊಟೇಮಿಯವನ್ನು ಗೆದ್ದನು. 117ರಲ್ಲಿ ಅವನ ತರುವಾಯ ಬಂದ ಹೇಡ್ರಿಯನನು ಅದನ್ನು ಬಿಟ್ಟು ಯೂಫ್ರೆಟಿಸ್ ನದಿಯ ಈಚೆಗೆ ದಂಡನ್ನು ಹಿಂದೆಗೆದುಕೊಂಡು, ಇರುವ ಗಡಿಗಳನ್ನು ಭದ್ರಪಡಿಸಿದನು. ನಮ್ಮ ಮೈಸೂರನ್ನು ಬ್ರಿಟಿಷರು 1831ರಿಂದ ಐವತ್ತು ವರ್ಷ ತಮ್ಮ ಕೈಯಲ್ಲಿಟ್ಟುಕೊಂಡು 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದರು. ದೇಶೀಯ ಅರಸರನ್ನು ಇಲ್ಲದಂತೆ ಮಾಡುವುದಕ್ಕಿಂತ ಒಲಿಸಿಕೊಳ್ಳುವುದು ಲಾಭವೆಂದು 1857ರ ಬಂಡಾಯ ಅವರಿಗೆ ಕಲಿಸಿದ್ದಿತು. ಆದರೆ ಅವರು ಬೆಂಗಳೂರಿನ ದಂಡು ಪ್ರದೇಶವನ್ನು ಕೈಬಿಡಲಿಲ್ಲ. ಕರಾರುಗಳ ಹಗ್ಗವನ್ನೂ ಸಡಿಲಿಸಲಿಲ್ಲ. ಬಿಟ್ಟುಕೊಡುವುದರಲ್ಲಿಯೂ ಪೂರ್ಣ, ಅರ್ಧ ಎಂಬ ಭೇದಗಳುಂಟು. ಬಿಟ್ಟವನು ಏನನ್ನು ಉಳಿಸಿಕೊಂಡನೆಂಬುದನ್ನೂ ವಿದ್ಯಾರ್ಥಿಯು ನೋಡಬೇಕು.

ಎರಡು ಹೊಳೆಗಳು

ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ 'ಕವಿರಾಜಮಾರ್ಗ' ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆಯೆಂದು ಅದು ಹೇಳುವುದನ್ನು ನೀವೆಲ್ಲರೂ ಓದಿದ್ದೀರಿ. ಅದನ್ನು ಓದುವಾಗ ಇನ್ನು ಮುಂದೆ ಒಂದು ಸಂಗತಿಯನ್ನು ನೆನೆಯಬೇಕು. ಆ ಕಾಲದಲ್ಲಿ ಗೋದಾವರಿ ರಾಷ್ಟ್ರಕೂಟರದು; ಕಾವೇರಿಗಾಗಿ ಗಂಗರು ಇನ್ನೂ ಕಾದುತ್ತಿದ್ದರು. ಎರಡು ಹೊಳೆಗಳ ನಡುವಣ ನಾ‌ಡನ್ನು ಒಂದೇ ಕತ್ತಿಯ ಕೆಳಗೆ ತರಲು ನಾಲ್ಕು ತಲೆಮಾರುಗಳು ಹೆಣಗಿ ಆಗಲಿಲ್ಲ. ಕತ್ತಿಯನ್ನು ಒರೆಗೆ ಸೇರಿಸಿದ ಮೇಲೆ ಎರಡು ಮನೆಗಳು ನೂರು ವರ್ಷ ಒಂದಾಗಿ ನಡೆದವು.

ಬಲವಿದ್ದವನು ಹಿಡಿಯಬಲ್ಲನು. ಯಾವುದನ್ನು ಹಿಡಿದಿರಬೇಕು, ಯಾವುದನ್ನು ಬಿಡಬೇಕು ಎಂದು ತಿಳಿದು, ಬಿಡುವಾಗ ಎದುರಾಳಿಯ ಮಾನವನ್ನು ಉಳಿಸಿ ಬಿಡುವವನೇ ದೊಡ್ಡ ಅರಸ. ನೃಪತುಂಗನನ್ನು ನಾವು ಕವಿಗಳ ಒಡೆಯನೆಂದು ಹೊಗಳುತ್ತೇವೆ. ಈ ವಿವೇಕಕ್ಕಾಗಿಯೂ ಅವನನ್ನು ನೆನೆಯುವುದು ಯೋಗ್ಯವಾಗಿದೆ.

ಅಭ್ಯಾಸಕ್ಕೆ

1. ಭೂಪಟದಲ್ಲಿ ಎಲ್ಲೋರ, ವಣಿ, ಮಳಖೇಡ, ಕೊಣ್ಣೂರು, ಬಂಕಾಪುರ, ಮನ್ನೆ, ತಲಕಾಡುಗಳನ್ನು ಗುರುತಿಸಿ, ದಂಡು ದಾಟಬೇಕಾಗಿದ್ದ ಹೊಳೆಗಳ ಹೆಸರನ್ನು ಬರೆಯಿರಿ.
2. ಗಂಗವಾಡಿಯನ್ನು ಬಿಡಲು ಹೇಳಿದ ಐದು ಕಾರಣಗಳಲ್ಲಿ ನಿಮಗೆ ಅತ್ಯಂತ ಬಲವಾಗಿ ತೋರುವುದು ಯಾವುದು? ಏಕೆ?
3. ಮೂರನೆಯ ಗೋವಿಂದನು ಶಿವಮಾರನನ್ನು ಬಿಡಿಸಿದುದಕ್ಕೂ ಅಮೋಘವರ್ಷನು ಗಂಗರೊಡನೆ ನೆಂಟತನ ಬೆಳೆಸಿದುದಕ್ಕೂ ಇರುವ ಭೇದವೇನು?
4. 'ಇದು ಸೋಲೇ ಸರಿ' ಎಂದು ಒಬ್ಬರೂ 'ಇದು ನೀತಿ' ಎಂದು ಇನ್ನೊಬ್ಬರೂ ವಾದಿಸುವಂತೆ ತರಗತಿಯಲ್ಲಿ ಚರ್ಚಾಕೂಟವನ್ನು ಏರ್ಪಡಿಸಿರಿ.